ಪೆನ್ಸಿಲಿನಲ್ಲಿ ಬರೆದ ಹೆಸರು

ಹಾಜರಿ ಕರೆಯುವ ಹೊತ್ತಿನಿಂದ ಈ ಮಾತನ್ನು ಆರಂಭಿಸುತ್ತೇನೆ. ಬೆಳಗಿನ ಪ್ರಾರ್ಥನೆ ಮುಗಿದು ನಾವೆಲ್ಲ ಬೆಂಚುಗಳ ಮೇಲೆ ಕುಳಿತ ಕೂಡಲೇ ಮೇಷ್ಟ್ರು ಉದ್ದನೆಯ ಹಾಜರಿ ಪುಸ್ತಕವನ್ನು ಬಿಚ್ಚುತ್ತಿದ್ದರು. ಎಡಗಡೆ ಹೆಸರುಗಳ ಸಾಲು. ಬಲಗಡೆ ತಿಂಗಳಿನ ಅಷ್ಟೂ ದಿನಗಳ ಪುಟ್ಟ ಪುಟ್ಟ ಚೌಕಗಳು. ಕರೆದ ಹೆಸರಿಗೆ ‘ಹಾಜರ್ ಸಾರ್’ ಎಂಬ ಉತ್ತರ ಬಂದರೆ ಒಂದು ಗೆರೆ, ಬಾರದಿದ್ದರೆ ಒಂದು ಸೊನ್ನೆ. ಹೆಸರುಗಳನ್ನೆಲ್ಲ ನೀಲಿ ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ಬರೆದಿರುತ್ತಿದ್ದರು. ಆದರೆ ಪುಟದ ಕೆಳತುದಿಯಲ್ಲಿ, ಕೊನೆಯ ಹೆಸರಾದ ಮೇಲೆ ಎರಡು ಸಾಲು ಬಿಟ್ಟು, ನಾಲ್ಕೈದು ಹೆಸರುಗಳು ಪೆನ್ಸಿಲಿನಲ್ಲಿ ಇರುತ್ತಿದ್ದವು. ಅವು ದಸರಾ ರಜೆ ಮುಗಿದ ಮೇಲೆ ಬಂದು ಸೇರುತ್ತಿದ್ದವು. ಬೇಸಗೆ ಬರುವಷ್ಟರಲ್ಲಿ ಮಾಯವಾಗುತ್ತಿದ್ದವು. ಎಪ್ಪತ್ತು ವರ್ಷಗಳ ಹಿಂದಿನ ನನ್ನ ಶಾಲೆಯನ್ನು ನೆನೆದಾಗಲೆಲ್ಲ ಶಾಯಿಯ ಹೆಸರುಗಳಿಗಿಂತ ಈ ಪೆನ್ಸಿಲಿನ ಹೆಸರುಗಳೇ ಮೊದಲು ಕಣ್ಣಿಗೆ ಕಟ್ಟುತ್ತವೆ. ಅದೇಕೆಂದು ಹೇಳಬೇಕಾದರೆ, ಕಾಫಿ ಸೀಮೆಯಲ್ಲಿ ಆ ಕಾಲದ ಶಾಲೆಯೆಂದರೆ ಏನು, ಅಲ್ಲಿ ವಿದ್ಯಾರ್ಥಿಯಾಗಿರುವುದೆಂದರೆ ಏನು ಎಂಬುದನ್ನು ತುಸು ವಿವರಿಸಬೇಕಾಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಮೂರು ಊರುಗಳ ನಡುವಣ ಗುಡ್ಡಗಾಡಿನ ಒಂದು ಪುಟ್ಟ ಪೇಟೆಯ ಮಿಡ್ಲ್ ಸ್ಕೂಲಿನಲ್ಲಿ 1953ರಿಂದ 1957ರವರೆಗೆ ನಾನು ಓದಿದೆ. ಪೇಟೆಯ ಹೆಸರು ಇಲ್ಲಿ ಮುಖ್ಯವಲ್ಲ. ಆ ಸೀಮೆಯ ಪೇಟೆಗಳೆಲ್ಲ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಹೋಲುತ್ತಿದ್ದವು: ಒಂದೇ ಒಂದು ಬೀದಿ, ಅದರ ಒಂದು ತುದಿಗೆ ಸಂತೆಮಾಳ, ಇನ್ನೊಂದು ತುದಿಗೆ ಅಂಚೆ ಕಚೇರಿ, ನಡುವೆ ಎರಡು ಹೋಟೆಲು, ನಾಲ್ಕು ಜವಳಿ ಅಂಗಡಿ, ಸ್ವಲ್ಪ ಏರಿನ ಮೇಲೆ ಮಂಗಳೂರು ಹೆಂಚು ಹೊದಿಸಿದ ಶಾಲೆ. ಆಗ ಕಳಸವು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲ್ಲೂಕಾಗಿದೆ. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದು ಹೆಸರು. ನಮ್ಮ ತರಗತಿಯ ಗೋಡೆಗೆ ತೂಗುಹಾಕಿದ್ದ ಹಳೆಯ ನಕ್ಷೆಗೆ ಈ ಬದಲಾವಣೆಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ, ಶಾಲೆಯೇ ಮನೆಗೆ ಬರುತ್ತಿತ್ತು. ಘಟ್ಟದ ಕೆಳಗಿನಿಂದ ಒಬ್ಬ ಐಗಳು ಬಂದು ಯಾವುದಾದರೂ ದೊಡ್ಡ ಮನೆಯಲ್ಲಿ ನೆಲೆಸುವರು. ಆ ಮನೆಯ ಜಗಲಿಯೇ ಪಾಠಶಾಲೆ. ಮನೆಯ ಮಕ್ಕಳು, ನೆಂಟರ ಮಕ್ಕಳು, ನೆರೆಯ ನಾಲ್ಕು ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುವರು. ಕುವೆಂಪು ಅವರ ಬಾಲ್ಯವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ ಕುಪ್ಪಳಿಯಲ್ಲಿ ಬೆಳೆದ ಅವರಿಗೂ ಮೊದಲ ಪಾಠ ಮನೆಯಲ್ಲಿಯೇ, ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದಲೇ ಆಯಿತು. ಅನಂತರ ತೀರ್ಥಹಳ್ಳಿಯ ಎ.ವಿ. ಸ್ಕೂಲು, ಅದಾದ ಮೇಲೆ ಮೈಸೂರಿನ ವೆಸ್ಲಿಯನ್ ಹೈಸ್ಕೂಲು. ಮನೆಯ ಜಗಲಿ, ತಾಲ್ಲೂಕಿನ ಪೇಟೆ, ದೂರದ ನಗರ ಎಂಬ ಈ ಮೂರು ಮೆಟ್ಟಿಲುಗಳೇ ಮಲೆನಾಡಿನ ಹುಡುಗನ ವಿದ್ಯೆಯ ಏಣಿ. ಪ್ರತಿ ಮೆಟ್ಟಿಲಿನಲ್ಲಿಯೂ ಮಗು ತಾಯಿಯಿಂದ ಅಷ್ಟಷ್ಟು ದೂರವಾಗುತ್ತಿತ್ತು. ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತವರು ಬಹಳ ಮಂದಿ. ಏಣಿಯನ್ನೇ ಕಾಣದವರು ಅದಕ್ಕಿಂತ ಬಹಳ ಮಂದಿ.

ನನ್ನ ಕಾಲಕ್ಕೆ ಏಣಿ ಸ್ವಲ್ಪ ಭದ್ರವಾಗಿತ್ತು. ಹಳ್ಳಿಯಲ್ಲಿ ನಾಲ್ಕು ವರ್ಷದ ಪ್ರೈಮರಿ ಶಾಲೆ. ಪೇಟೆಯಲ್ಲಿ ನಾಲ್ಕು ವರ್ಷದ ಮಿಡ್ಲ್ ಸ್ಕೂಲು. ಅದರ ಕೊನೆಗೆ ಎಲ್.ಎಸ್. ಎಂದು ಕರೆಯುತ್ತಿದ್ದ ಲೋಯರ್ ಸೆಕೆಂಡರಿ ಪರೀಕ್ಷೆ. ಅದನ್ನು ಗೆದ್ದವನು ಹೈಸ್ಕೂಲಿನ ನಾಲ್ಕನೆಯ ಫಾರಮ್ಮಿಗೆ ಸೇರಬಹುದು. ಗೆದ್ದು ಅಲ್ಲಿಯೇ ನಿಂತರೂ ಊರಿನಲ್ಲಿ ಅವನಿಗೆ ಒಂದು ಮರ್ಯಾದೆ. ಎಲ್.ಎಸ್. ಪಾಸಾದವನೆಂದರೆ ಕಾಗದ ಓದಬಲ್ಲವನು, ಅರ್ಜಿ ಬರೆಯಬಲ್ಲವನು, ತೋಟದ ಲೆಕ್ಕ ಇಡಬಲ್ಲವನು. ಹೆಣ್ಣುಮಕ್ಕಳಿಗೆ ಮುಂದಿನ ಒಂದು ಬೆಂಚು ಮೀಸಲಾಗಿತ್ತು. ವರ್ಷ ಕಳೆದಂತೆ ಅದರಲ್ಲಿ ಜಾಗ ಹೆಚ್ಚುತ್ತಲೇ ಹೋಗುತ್ತಿತ್ತು.

ಆದರೆ ಪಾಠ, ಪರೀಕ್ಷೆಗಳು ಶಾಲೆಯ ಅರ್ಧಭಾಗ ಮಾತ್ರ. ಉಳಿದ ಅರ್ಧವನ್ನು ಮೂರು ಸಂಗತಿಗಳು ಆಳುತ್ತಿದ್ದವು. ಒಂದು ಮಳೆ, ಎರಡನೆಯದು ಊಟ, ಮೂರನೆಯದು ಕಾಫಿ.

ಮೊದಲು ಮಳೆ. ಮಲೆನಾಡಿನಲ್ಲಿ ಶಾಲೆಯೂ ಮಳೆಯೂ ಜೂನ್ ತಿಂಗಳಲ್ಲಿ ಒಟ್ಟಿಗೆ ಆರಂಭವಾಗುತ್ತವೆ. ಬಯಲುಸೀಮೆಯಲ್ಲಿ ಕುಳಿತು ಶಾಲೆಯ ವರ್ಷವನ್ನು ಗೊತ್ತುಮಾಡಿದವರಿಗೆ ಇದರ ಅರ್ಥ ತಿಳಿದಿರಲಾರದು. ಹಳ್ಳಿಯಿಂದ ನಡೆದು ಬರುವ ಹುಡುಗರು ಕಂಬಳಿಕೊಪ್ಪೆಯೊಳಗೆ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಬರುತ್ತಿದ್ದರು. ಮೈ ನೆನೆದರೆ ಆರುತ್ತದೆ. ಪುಸ್ತಕ ನೆನೆದರೆ ವರ್ಷವೇ ಹೋದಂತೆ. ಉಂಬಳಕ್ಕೆಂದು ಸುಣ್ಣ, ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದರೂ ತರಗತಿಯ ನಡುವೆ ಯಾರದೋ ಕಾಲಿನಿಂದ ರಕ್ತ ಇಳಿದು ನೆಲದ ಮೇಲೆ ಕೆಂಪು ಚುಕ್ಕೆ ಮೂಡುವುದು ತಪ್ಪುತ್ತಿರಲಿಲ್ಲ. ಮಳೆ ಜೋರಾದಾಗ ಹೆಂಚಿನ ಮೇಲಿನ ಸದ್ದಿನಲ್ಲಿ ಮೇಷ್ಟ್ರ ಮಾತು ಮೂರನೆಯ ಬೆಂಚಿಗೂ ಮುಟ್ಟದು. ಆಗ ಅವರು ಪುಸ್ತಕ ಮುಚ್ಚಿ, ಮಗ್ಗಿ ಹೇಳಿ ಎಂದು ಕೈಸನ್ನೆ ಮಾಡುವರು. ನಲವತ್ತು ಕೊರಳುಗಳು ಒಟ್ಟಾಗಿ ಮಳೆಯ ಮೇಲೆ ಸ್ಪರ್ಧೆಗಿಳಿಯುತ್ತಿದ್ದವು. ಹತ್ತೊಂಬತ್ತರ ಮಗ್ಗಿ ನನಗೆ ಇಂದಿಗೂ ತಪ್ಪದೆ ಬರುತ್ತದೆಂದರೆ ಅದು ಆಷಾಢದ ಮಳೆಯ ಕೃಪೆ.

ಇಂದು ಹೆಚ್ಚು ಮಳೆಯಾದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಸುದ್ದಿ ಬೆಳಗಾಗುವುದರೊಳಗೆ ಮನೆಮನೆಗೆ ಮುಟ್ಟುತ್ತದೆ. ಆಗ ರಜೆ ಕೊಡುತ್ತಿದ್ದುದು ಹಳ್ಳಗಳು. ಎರಡು ಅಡಕೆ ಮರಗಳನ್ನು ಅಡ್ಡ ಹಾಕಿದ ಸಂಕದ ಮೇಲೆ ನೀರು ಬಂದಿತೆಂದರೆ ಆ ಕಡೆಯ ಹುಡುಗರಿಗೆ ಅಂದು ಶಾಲೆಯಿಲ್ಲ. ಬೆಳಿಗ್ಗೆ ದಾಟಿ ಬಂದವರು ಸಂಜೆಗೆ ಮರಳಲಾಗದೆ ಪೇಟೆಯಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಮಲಗಿದ್ದೂ ಉಂಟು. ಭದ್ರಾ ನದಿ ತುಂಬಿ ಕಳಸ, ಹೊರನಾಡುಗಳ ನಡುವಣ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿಯನ್ನು ಈಚಿನ ಮಳೆಗಾಲಗಳಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ಹಾಗಿರುವಾಗ ಸೇತುವೆಗಳೇ ವಿರಳವಾಗಿದ್ದ ಆ ದಿನಗಳನ್ನು ತಾವೇ ಊಹಿಸಬಹುದು.

ಮಳೆಯ ಬೆನ್ನಿಗೆ ಚಳಿಜ್ವರ. ಮಲೆನಾಡನ್ನು ಮಲೇರಿಯಾ ಹಿಂಡುತ್ತಿದ್ದ ಕಾಲ ಆಗ ಮುಗಿಯುತ್ತ ಬಂದಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸರ್ಕಾರವೂ ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ನೂ ಕೂಡಿ ಮಲೇರಿಯಾದ ಅಧ್ಯಯನ ನಡೆಸಿದ ಸ್ಥಳಗಳಲ್ಲಿ ಮೂಡಿಗೆರೆಯೂ ಒಂದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಆರಂಭವಾಗಿ ಮನೆಗಳಿಗೆ ಡಿ.ಡಿ.ಟಿ. ಹೊಡೆಯುವವರು ಬರತೊಡಗಿದರು. ಒಂದು ಸೀಮೆಯಲ್ಲಿ ಮಲೇರಿಯಾ ಎಷ್ಟಿದೆಯೆಂದು ಅಳೆಯುವ ಹಳೆಯ ಕ್ರಮವೊಂದಿತ್ತು: ಚಿಕ್ಕ ಮಕ್ಕಳ ಎಡ ಪಕ್ಕೆಯ ಕೆಳಗೆ ಬೆರಳೊತ್ತಿ ಗುಲ್ಮ ಊದಿದೆಯೇ ಎಂದು ನೋಡುವುದು. ನಮ್ಮವರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಮಕ್ಕಳು ಒಂದೆಡೆ ಸಿಕ್ಕುವುದು ಶಾಲೆಯಲ್ಲಿ. ಆದ್ದರಿಂದ ಈ ಲೆಕ್ಕವೂ ಶಾಲೆಯಲ್ಲಿಯೇ. ಅಂಗಿಯೆತ್ತಿ ಸಾಲಾಗಿ ನಿಂತ ಹುಡುಗರು, ವೈದ್ಯರ ತಣ್ಣನೆಯ ಬೆರಳಿಗೆ ಕಚಗುಳಿಯಾಗಿ ನಗುವ ಹುಡುಗರು. ಆ ನಗುವಿನ ಹಿಂದೆ ಎಷ್ಟು ಮನೆಗಳ ದುಃಖವಿತ್ತೆಂಬುದು ನಮಗಾಗ ತಿಳಿಯದು.

ಎರಡನೆಯದು ಊಟ. ಶಾಲೆ ಪುಕ್ಕಟೆಯಾಗಿದ್ದರೂ ಪೇಟೆಯಲ್ಲಿರಲು ಒಂದು ಮನೆ ಬೇಕಲ್ಲ! ನಾನು ಸೋದರತ್ತೆಯ ಮನೆಯಲ್ಲಿದ್ದೆ. ಬಾವಿಯಿಂದ ನೀರು ಸೇದುವುದು, ಬಚ್ಚಲ ಒಲೆಗೆ ಸೌದೆ ಒಟ್ಟುವುದು, ಸಂಜೆ ಲಾಟೀನಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ಬ್ರಾಹ್ಮಣರ ಹುಡುಗರಿಗೆ ವಾರಾನ್ನದ ದಾರಿಯಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಕ್ಕಲು ಮಕ್ಕಳಿಗೆ ನೆಂಟರ ಮನೆ, ಇಲ್ಲವೇ ನಾಲ್ವರು ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಸ್ವಂತ ಅಡಿಗೆ. ಈ ಎರಡು ದಾರಿಗಳೂ ಇಲ್ಲದ ಜಾತಿಗಳ ಮಕ್ಕಳಿಗೆ, ಅವರ ಹಟ್ಟಿ ಪೇಟೆಯ ಪಕ್ಕದಲ್ಲಿಯೇ ಇದ್ದ ಹೊರತು, ಶಾಲೆಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಹಿಂದುಳಿದವರಿಗೆ ವಿದ್ಯಾರ್ಥಿವೇತನವೂ ವಿದ್ಯಾರ್ಥಿನಿಲಯಗಳೂ ಬೇಕೆಂಬ ಮಾತನ್ನು ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ 1919ರಷ್ಟು ಹಿಂದೆಯೇ ಹೇಳಿತ್ತು. ಆ ಮಾತಿನ ಫಲ ನಮ್ಮ ಗುಡ್ಡಗಳನ್ನು ಏರುವುದಕ್ಕೆ ಬಹಳ ಕಾಲ ಹಿಡಿಯಿತು. ಮಧ್ಯಾಹ್ನ ಗಂಟೆ ಹೊಡೆದಾಗ ಬಾಳೆಲೆಯ ಪೊಟ್ಟಣ ಬಿಚ್ಚಿ ಅಕ್ಕಿರೊಟ್ಟಿ ತಿನ್ನುವವರು ಒಂದು ಕಡೆ. ಹೊಟ್ಟೆ ತುಂಬ ನೀರು ಕುಡಿದು, ಹಸಿವಿಲ್ಲವೆಂಬಂತೆ ಅಂಗಳದಲ್ಲಿ ಗೋಲಿಯಾಡುವವರು ಇನ್ನೊಂದು ಕಡೆ. ಎರಡನೆಯ ಗುಂಪಿನವರು ಆಟದಲ್ಲಿ ಯಾವಾಗಲೂ ಗೆಲ್ಲುತ್ತಿದ್ದರು. ಅವರಿಗೆ ಅಭ್ಯಾಸ ಹೆಚ್ಚು.

ಇಷ್ಟು ಹೇಳಿದೆನೆಂದು ಅಲ್ಲಿ ಸಂತೋಷವಿರಲಿಲ್ಲವೆಂದು ತಿಳಿಯಬಾರದು. ಗಣೇಶನ ಹಬ್ಬಕ್ಕೆ ನಾವೇ ಕೆರೆಯ ಜೇಡಿಮಣ್ಣು ತಂದು ಮೂರ್ತಿ ಮಾಡುತ್ತಿದ್ದೆವು. ಅದು ಒಂದು ವರ್ಷ ಹೆಡ್‌ಮಾಸ್ಟರನ್ನು ಹೋಲಿತೆಂಬ ಅಪವಾದವೂ ಬಂತು. ಮಾರ್ನಮಿಯಲ್ಲಿ ಹುಡುಗರು ಬಣ್ಣದ ಬಿಲ್ಲು ಹಿಡಿದು ಮೇಷ್ಟ್ರ ಹಿಂದೆ ಮನೆಮನೆಗೆ ಹೋಗಿ ಚೌಪದ ಹಾಡಿ ದಕ್ಷಿಣೆ ತರುವ ಕೂಲಿಮಠದ ಹಳೆಯ ಪದ್ಧತಿ ನಮ್ಮ ಹಿರಿಯರ ಬಾಯಲ್ಲಿ ಉಳಿದಿತ್ತು. ಶನಿವಾರ ಚರ್ಚಾಕೂಟ, ಕತ್ತಿ ಮೇಲೋ ಲೇಖನಿ ಮೇಲೋ ಎಂಬ ವಿಷಯದ ಮೇಲೆ, ಕತ್ತಿಯನ್ನು ಬಲ್ಲ ತೋಟದ ಹುಡುಗರು ಲೇಖನಿಯ ಪರವಾಗಿ ವಾದಿಸುವರು. ಶಾಲೆಯ ಹಿಂದೆ ಕೈತೋಟ. ತಿಂಗಳಿಗೊಮ್ಮೆ ಹೊರಡುವ ಕೈಬರಹದ ಪತ್ರಿಕೆಗೆ ನಾನು ಸಂಪಾದಕ. ಅಕ್ಷರ ದುಂಡಗಿದ್ದುದೇ ನನ್ನ ಅರ್ಹತೆ. ಅದೇ ಅರ್ಹತೆಯಿಂದ ತರಗತಿಯ ಮಾನಿಟರೂ ಆಗಿದ್ದೆ.

ಇನ್ನು ಮೂರನೆಯದಾದ ಕಾಫಿಯ ಮಾತು. ಮಾರ್ಚಿಯ ಹೂಮಳೆಗೆ ಅರಳಿದ ಕಾಫಿ ನವೆಂಬರಿಗೆ ಹಣ್ಣಾಗತೊಡಗುತ್ತದೆ. ಅಲ್ಲಿಂದ ಫೆಬ್ರವರಿಯವರೆಗೆ ಕೊಯ್ಲು. ಅಷ್ಟು ಕೆಲಸಕ್ಕೆ ಊರಿನ ಆಳು ಸಾಲದು. ಮಳೆ ತಗ್ಗಿದ ಮೇಲೆ ಮೇಸ್ತ್ರಿಗಳು ತೋಟದವರಿಂದ ಮುಂಗಡ ಹಣ ಪಡೆದು, ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಹಂಚಿ, ಸಂಸಾರ ಸಂಸಾರಗಳನ್ನೇ ಕರೆತಂದು ಕೂಲಿ ಲೈನುಗಳಲ್ಲಿ ಇರಿಸುವರು. ಅವರು ಮುಂಗಡ ತೀರುವವರೆಗೆ ದುಡಿದು, ಮಳೆ ಹಿಡಿಯುವ ಮುನ್ನ ಗದ್ದೆಯ ಕೆಲಸಕ್ಕೆ ಊರಿಗೆ ಇಳಿಯುವರು. ಅವರ ಮಕ್ಕಳಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಳಗಿನ ಶಾಲೆ, ಅಕ್ಟೋಬರಿನಿಂದ ಏಪ್ರಿಲಿನವರೆಗೆ ಘಟ್ಟದ ಮೇಲಿನ ಕಾಡು. ಶಾಲೆಯ ವರ್ಷ ಅವರನ್ನು ನಡುವೆಯೇ ಕತ್ತರಿಸಿಬಿಡುತ್ತಿತ್ತು. ಇನ್ನೂ ಒಂದು ತೊಡಕಿತ್ತು. ಚಾರ್ಮಾಡಿ ಘಾಟಿಯ ಕೆಳಗಿನ ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಮೇಲಿನ ನಾವು ಮೈಸೂರು ರಾಜ್ಯದವರು. ಒಂದು ದಿನದಲ್ಲಿ ನಡೆದು ದಾಟಬಹುದಾದ ಘಾಟಿಯ ಎರಡು ತುದಿಗಳಲ್ಲಿ ಎರಡು ಸರ್ಕಾರ, ಎರಡು ಪಠ್ಯಪುಸ್ತಕ, ಎರಡು ವಿದ್ಯಾ ಇಲಾಖೆ. ಕೆಳಗಿನ ಶಾಲೆಯ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಇಲ್ಲದೆ ಮೇಲಿನ ಶಾಲೆಯಲ್ಲಿ ಹೆಸರು ಬರೆಯುವಂತಿಲ್ಲ. ಆರು ತಿಂಗಳಿಗೆಂದು ಬಂದ ಕೂಲಿಯವನು ಬೇರೆ ರಾಜ್ಯದಿಂದ ಆ ಕಾಗದವನ್ನು ತರಿಸುವುದು ಎಲ್ಲಿಂದ ಬಂತು? ನಮ್ಮ ಮೇಷ್ಟ್ರು ಇದಕ್ಕೆ ತಮ್ಮದೇ ಒಂದು ಪರಿಹಾರ ಕಂಡುಕೊಂಡಿದ್ದರು. ಬಂದ ಮಗುವನ್ನು ಹೊರಗೆ ನಿಲ್ಲಿಸದೆ ಒಳಗೆ ಕೂರಿಸಿ, ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು.

1954ರ ದಸರಾ ಕಳೆದ ಮೇಲೆ ಹಾಗೆ ಬಂದವರಲ್ಲಿ ಬೆಳ್ತಂಗಡಿಯ ಕಡೆಯ ಒಬ್ಬ ಹುಡುಗನಿದ್ದ. ಅವನನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ಮನೆಯಲ್ಲಿ ತುಳು ಆಡುವವನು; ಕನ್ನಡವನ್ನು ಶಾಲೆಯಲ್ಲಿ ಕಲಿತವನು. ಆದ್ದರಿಂದ ಅವನ ಕನ್ನಡ ಅಚ್ಚಿನಲ್ಲಿ ಎರಕ ಹೊಯ್ದಂತೆ ಶುದ್ಧ. ‘ನನಗೆ ಬಾಯಾರಿಕೆಯಾಗುತ್ತದೆ’ ಎಂದು ಅವನು ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ಮಾತ್ರ ನಗದೆ, ‘ಅವನಿಂದ ನೀವು ಕನ್ನಡ ಕಲಿಯಿರೋ’ ಎಂದರು. ಕಲಿಯುವ ಸಂದರ್ಭ ಬೇಗನೆ ಬಂತು. ಫೆಬ್ರವರಿಯಲ್ಲಿ ಶಾಲಾ ವಾರ್ಷಿಕೋತ್ಸವ; ಅಭಿಮನ್ಯುವಿನ ನಾಟಕ. ಅಭಿಮನ್ಯುವಿನ ಪಾತ್ರ ವಹಿಸಿದ್ದ ಸಾಹುಕಾರರ ಮಗ ಚಳಿಜ್ವರದಿಂದ ಮಲಗಿದಾಗ ಈ ಹುಡುಗ ಎದ್ದು ನಿಂತು, ‘ನಾನು ಹೇಳಬಲ್ಲೆ’ ಎಂದ. ಮಳೆಗಾಲದ ರಾತ್ರಿಗಳಲ್ಲಿ ಅವನ ಊರಿನಲ್ಲಿ ತಾಳಮದ್ದಳೆ ನಡೆಯುತ್ತಿತ್ತಂತೆ. ಅಲ್ಲಿ ಕೇಳಿ ಕೇಳಿ ಅವನಿಗೆ ಮಾತು ಕರಗತವಾಗಿತ್ತು. ನಾವು ಬರೆದುಕೊಟ್ಟ ಸಂಭ್ರಮದ ಸಂಭಾಷಣೆಯನ್ನು ಬದಿಗಿಟ್ಟು, ದ್ರೋಣನೊಡನೆ ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ವಾದಕ್ಕಿಳಿದ. ದ್ರೋಣನಾಗಿದ್ದ ನಾನು ಉತ್ತರ ಸಿಕ್ಕದೆ ಬೆವೆತೆ. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ಪೇಟೆಗೆ ಪೇಟೆಯೇ ಚಪ್ಪಾಳೆ ತಟ್ಟಿತು. ಹಿಂದೆ, ಬೆಳಕು ಮುಗಿಯುವ ಕಡೆ, ಲೈನಿನ ಹೆಂಗಸರು ನಿಂತಿದ್ದರು. ಅವರಲ್ಲಿ ಅವನ ತಾಯಿಯೂ ಇದ್ದಳೆಂದು ಮರುದಿನ ತಿಳಿಯಿತು.

ಮಾರ್ಚಿಯಲ್ಲಿ ಇನ್‌ಸ್ಪೆಕ್ಟರ ತನಿಖೆ ಬಂತು. ಹಿಂದಿನ ದಿನ ನೆಲ ಸಾರಿಸಿದ್ದಾಯಿತು, ನಕ್ಷೆಗಳ ಧೂಳು ಕೊಡವಿದ್ದಾಯಿತು. ಸಂಜೆ ಮೇಷ್ಟ್ರು ನನ್ನನ್ನು ಕರೆದು ಹಾಜರಿ ಪುಸ್ತಕವನ್ನು ಮುಂದಿಟ್ಟು, ‘ನಿನ್ನ ಕೈ ಹಗುರ. ಕಾಗದ ಹರಿಯದ ಹಾಗೆ ಕೆಳಗಿನ ನಾಲ್ಕು ಹೆಸರನ್ನು ಉಜ್ಜು. ತನಿಖೆ ಮುಗಿದ ಮೇಲೆ ಮತ್ತೆ ಬರೆದರಾಯಿತು’ ಎಂದರು. ಟಿ.ಸಿ. ಇಲ್ಲದ ಮಕ್ಕಳನ್ನು ಕೂರಿಸಿಕೊಂಡದ್ದು ತಿಳಿದರೆ ಅವರ ಕೆಲಸಕ್ಕೇ ಸಂಚಕಾರ. ಅವರ ಮುಖದಲ್ಲಿದ್ದ ಸಂಕಟ ಆ ವಯಸ್ಸಿನಲ್ಲಿಯೂ ನನಗೆ ಕಂಡಿತು. ನನ್ನ ರಬ್ಬರಿನಿಂದಲೇ ನಾಲ್ಕು ಹೆಸರುಗಳನ್ನೂ ಉಜ್ಜಿದೆ. ಆ ಮಕ್ಕಳಿಗೆ ನಾಳೆ ಬರಬೇಡಿರೆಂದು ಹೇಳುವ ಕೆಲಸವೂ ಮಾನಿಟರನದೇ. ನಾನು ಅವನಿಗೆ, ‘ನಾಳೆ ನಿನಗೆ ರಜೆ’ ಎಂದೆ. ಅವನ ಮುಖ ಅರಳಿತು. ‘ನಿನಗೂ ರಜೆಯೋ?’ ಎಂದ. ‘ನನಗಿಲ್ಲ’ ಎಂದೆ. ಅವನು ಮತ್ತೇನೂ ಕೇಳಲಿಲ್ಲ.

ತನಿಖೆ ಚೆನ್ನಾಗಿ ಮುಗಿಯಿತು. ಮೇಷ್ಟ್ರು ಮಾತಿಗೆ ತಪ್ಪದೆ ಮರುದಿನವೇ ಆ ಹೆಸರುಗಳನ್ನು ಮತ್ತೆ ಬರೆದರು. ಅವನು ಮೂರು ದಿನ ಬಿಟ್ಟು ಬಂದ. ಬಂದವನು ನನ್ನ ಪಕ್ಕದಲ್ಲಿ ಕೂರದೆ ಹಿಂದಿನ ಬೆಂಚಿಗೆ ಹೋದ. ಏಪ್ರಿಲಿನಲ್ಲಿ ತನ್ನವರೊಡನೆ ಘಟ್ಟ ಇಳಿದ. ಮರುವರ್ಷ ದಸರಾ ಆದ ಮೇಲೆ ಪೆನ್ಸಿಲಿನ ಹೆಸರುಗಳು ಬಂದವು. ಅವುಗಳಲ್ಲಿ ಅವನ ಹೆಸರಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಮ್ಮ ಶಾಲೆಯ ಮಕ್ಕಳು ಭುವನೇಶ್ವರಿಯ ಪಟ ಹೊತ್ತು ಬೀದಿಯ ಆ ತುದಿಯಿಂದ ಈ ತುದಿಗೆ ಮೆರವಣಿಗೆ ಹೋದೆವು. ಕೈತುಂಬ ಬತ್ತಾಸು ಕೊಟ್ಟರು. ಅದೇ ವಾರ ದೀಪಾವಳಿಯೂ ಬಂದಿದ್ದುದರಿಂದ ನಾನು ಹಬ್ಬಕ್ಕೆಂದು ಊರಿಗೆ ಹೋದೆ. ನಮ್ಮದು ಹದಿನೈದು ಎಕರೆಯ ಸಣ್ಣ ತೋಟ. ಅರೇಬಿಕಾದ ಮೊದಲ ಹಣ್ಣು ಕೊಯ್ಯುತ್ತಿದ್ದರು. ಗಿಡಗಳ ನಡುವಿನಿಂದ ಬುಟ್ಟಿ ಹೊತ್ತು ಬಂದ ಹುಡುಗನನ್ನು ನೋಡಿದೆ, ಅವನೇ. ಎತ್ತರವಾಗಿದ್ದ. ನನ್ನನ್ನು ಗುರುತಿಸಿ ಬುಟ್ಟಿ ಇಳಿಸಿ ನಿಂತ. ಏನು ಮಾತಾಡಬೇಕೆಂದು ತೋಚದೆ ನಾನು ಮೆರವಣಿಗೆಯ ಸುದ್ದಿ ಹೇಳಿದೆ. ‘ನಿಮ್ಮ ಊರೂ ನಮ್ಮ ಊರೂ ಈಗ ಒಂದೇ ರಾಜ್ಯ’ ಎಂದೆ. ಅವನು ತುಸು ಹೊತ್ತು ಯೋಚಿಸಿ ಕೇಳಿದ: ‘ಹಾಗಾದರೆ ಇನ್ನು ಮೇಲೆ ಟಿ.ಸಿ. ಬೇಡವೋ, ಅಯ್ಯ?’

ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಅವನು ಬುಟ್ಟಿ ಎತ್ತಿಕೊಂಡ. ಒಂದೂವರೆ ವರ್ಷದ ಹಿಂದೆ ನನ್ನನ್ನು ‘ನೀನು’ ಎಂದವನು ಈಗ ‘ಅಯ್ಯ’ ಎಂದದ್ದು ಅವನು ಹೋದ ಮೇಲೆ ನನ್ನ ಮನಸ್ಸಿಗೆ ಬಂತು. ಮುಂದಿನ ಮಾರ್ಚಿಯಲ್ಲಿ ನಾನು ಎಲ್.ಎಸ್. ಪರೀಕ್ಷೆಗೆ ಕುಳಿತೆ. ಪರೀಕ್ಷೆಯ ಶುಲ್ಕ, ಹೊಸ ಅಂಗಿ, ಆಮೇಲೆ ಚಿಕ್ಕಮಗಳೂರಿನಲ್ಲಿ ಹೈಸ್ಕೂಲಿನ ಮೂರು ವರ್ಷದ ಖರ್ಚು ಎಲ್ಲವೂ ಬಂದದ್ದು ಆ ಹಣ್ಣಿನಿಂದಲೇ.

ಯಾರನ್ನು ದೂರಬೇಕು? ಕಾನೂನು ಇರಲಿಲ್ಲವೆಂದಲ್ಲ. 1951ರ ತೋಟಕಾರ್ಮಿಕರ ಕಾಯಿದೆ ಹನ್ನೆರಡು ವರ್ಷ ತುಂಬದ ಮಕ್ಕಳನ್ನು ತೋಟದ ಕೆಲಸಕ್ಕೆ ಹಚ್ಚಕೂಡದೆಂದಿತು. ಕಾರ್ಮಿಕರ ಮಕ್ಕಳಲ್ಲಿ ಆರರಿಂದ ಹನ್ನೆರಡು ವರ್ಷದವರು ಇಪ್ಪತ್ತೈದಕ್ಕಿಂತ ಹೆಚ್ಚಿದ್ದ ಕಡೆ ಮಾಲೀಕರೇ ಓದಿನ ಏರ್ಪಾಡು ಮಾಡಬೇಕೆಂದು ನಿಯಮ ರಚಿಸುವ ಅಧಿಕಾರವನ್ನೂ ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ಆದರೆ ಆ ಕಾಯಿದೆ ಅನ್ವಯಿಸುತ್ತಿದ್ದುದು ಇಪ್ಪತ್ತೈದು ಎಕರೆಗೆ ಕಡಿಮೆಯಿಲ್ಲದ, ಮೂವತ್ತು ಮಂದಿಗೆ ಕಡಿಮೆಯಿಲ್ಲದಂತೆ ಆಳು ದುಡಿಯುವ ತೋಟಗಳಿಗೆ. ನಮ್ಮ ಹದಿನೈದು ಎಕರೆ ಅದರ ಕಣ್ಣಿಗೆ ಬೀಳದು. ಅವನಿಗೋ ಹನ್ನೆರಡು ತುಂಬಿತ್ತು. ಎಲ್ಲರೂ ಕಾನೂನಿನ ಒಳಗೇ ಇದ್ದೆವು. ಅವನೊಬ್ಬನು ಶಾಲೆಯ ಹೊರಗಿದ್ದ.

ಅಲ್ಲಿಂದೀಚೆಗೆ ಮಳೆ, ಊಟಗಳೆಂಬ ಎರಡು ತೊಡಕುಗಳನ್ನು ನಾಡು ಬಹುಮಟ್ಟಿಗೆ ಬಿಡಿಸಿಕೊಂಡಿದೆ. ರಸ್ತೆ, ಸೇತುವೆ, ಬಸ್ಸು ಬಂದವು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ 1970ರ ದಶಕದಲ್ಲಿ ಹಿಂದುಳಿದವರ ವಿದ್ಯಾರ್ಥಿನಿಲಯಗಳು ಹೆಚ್ಚಿದವು. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು. 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಕಡೆಗೂ ಹಬ್ಬಿದ ಅಕ್ಷರದಾಸೋಹದಿಂದ ಮಧ್ಯಾಹ್ನ ನೀರು ಕುಡಿದು ಗೋಲಿಯಾಡುವ ಗುಂಪು ಇಲ್ಲವಾಯಿತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 79. ಕೆಳಗಿನವನ ಆ ಪ್ರಶ್ನೆಗೂ ಕೊನೆಗೊಮ್ಮೆ ಉತ್ತರ ದೊರಕಿತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಐದನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ: ವರ್ಗಾವಣೆ ಪತ್ರ ತರುವುದು ತಡವಾಯಿತೆಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಇನ್ನು ಮೇಲೆ ಟಿ.ಸಿ. ಬೇಡವೋ ಎಂದು ಅವನು ಕೇಳಿ ಆಗಲೇ ಐವತ್ತಮೂರು ವರ್ಷ ಕಳೆದಿತ್ತು.

ಆದರೆ ಮೂರನೆಯ ತೊಡಕು, ಕಾಫಿಯದು, ಹಾಗೆಯೇ ಇದೆ. ನವೆಂಬರಿನಲ್ಲಿ ಹಣ್ಣಾಗುವುದನ್ನು ಗಿಡ ಬಿಟ್ಟಿಲ್ಲ. ಕೊಯ್ಲಿಗೆ ದೂರದಿಂದ ಜನ ಬರುವುದೂ ನಿಂತಿಲ್ಲ. ಈಗ ಬರುವವರು ಘಾಟಿಯ ಕೆಳಗಿನವರಿಗಿಂತ ಹೆಚ್ಚಾಗಿ ಅಸ್ಸಾಮು, ಜಾರ್ಖಂಡಿನಂಥ ದೂರದ ಸೀಮೆಗಳವರು. ಅವರೊಡನೆಯೂ ಮಕ್ಕಳು ಬರುತ್ತಾರೆ. ಹಾಜರಿ ಈಗ ಕಂಪ್ಯೂಟರನ್ನು ಸೇರಿದೆ. ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ಅದು ಒಳ್ಳೆಯದೇ. ಆದರೆ ಕಂಪ್ಯೂಟರಿನಲ್ಲಿ ಪೆನ್ಸಿಲಿಗೆ ಎಡೆಯಿಲ್ಲ. ನಮ್ಮ ಮೇಷ್ಟ್ರು ಕಾನೂನನ್ನು ಮೀರಿ ಮಕ್ಕಳನ್ನು ಒಳಗೆ ಕರೆದರು, ಕಾನೂನಿಗೆ ಹೆದರಿ ಅವರ ಹೆಸರನ್ನು ಅಳಿಸಿದರು. ಈಗ ಕಾನೂನೇ ಒಳಗೆ ಬಾ ಎನ್ನುತ್ತಿದೆ. ಕರೆದುಕೊಂಡು ಹೋಗುವ ಕೈ ಮಾತ್ರ ಬೇಕಾಗಿದೆ.

ಆದ್ದರಿಂದ ಹಳೆಯ ಶಾಲೆಯ ನೆನಪನ್ನು ಹೇಳಿ ಮುಗಿಸುವ ಬದಲು ಒಂದು ಬಿನ್ನಹವನ್ನು ಮಾಡಿಕೊಂಡು ಮುಗಿಸುತ್ತೇನೆ. ತಾವು ಕಾಫಿ ಸೀಮೆಯವರಾಗಿದ್ದರೆ, ಈ ಸಲದ ಕೊಯ್ಲಿನಲ್ಲಿ ತಮ್ಮ ತೋಟದ ಲೈನಿನಲ್ಲಾಗಲಿ ನೆರೆಯ ಲೈನಿನಲ್ಲಾಗಲಿ ಹೊಸ ಮಗುವೊಂದು ಕಂಡರೆ, ಅದನ್ನು ಹತ್ತಿರದ ಶಾಲೆಗೆ ಕರೆದೊಯ್ಯಿರಿ. ಯಾವ ಕಾಗದವೂ ಕೈಯಲ್ಲಿರಬೇಕಾಗಿಲ್ಲ. ಮಗುವಿಗೆ ನಮ್ಮ ಭಾಷೆ ಬಾರದಿದ್ದರೆ ಅದಕ್ಕೂ ಹೆದರಬೇಕಾಗಿಲ್ಲ. ಮಳೆಯ ಸದ್ದಿನಲ್ಲಿ ಒಟ್ಟಾಗಿ ಮಗ್ಗಿ ಹೇಳುವ ಮಕ್ಕಳು ಒಬ್ಬರಿಂದೊಬ್ಬರು ಎಲ್ಲವನ್ನೂ ಕಲಿಯುತ್ತಾರೆ. ನಾನು ಅಂದು ನಾಲ್ಕು ಹೆಸರುಗಳನ್ನು ಎಷ್ಟು ಹಗುರವಾಗಿ ಉಜ್ಜಿದರೂ ಕಾಗದದ ಮೇಲೆ ಅವುಗಳ ಒತ್ತು ಉಳಿದೇ ಇತ್ತು. ಮೇಷ್ಟ್ರು ಮರುದಿನ ಆ ಒತ್ತಿನ ಮೇಲೆಯೇ ಮತ್ತೆ ಬರೆದರು.